ಆಯುಧಶಾಲೆಯಲ್ಲಿ ಹುಟ್ಟಿದ ಚಕ್ರ

ಆದಿಪುರಾಣದ ಕಥೆಯನ್ನು ಬಲ್ಲ ಶ್ರಾವಕರಿಗೆ ಭರತೇಶ್ವರನಿಗೆ ಏಕಕಾಲದಲ್ಲಿ ಬಂದ ಮೂರು ಶುಭವಾರ್ತೆಗಳು ನೆನಪಿರುತ್ತವೆ. ತಂದೆ ವೃಷಭದೇವರಿಗೆ ಕೇವಲಜ್ಞಾನ ಪ್ರಾಪ್ತವಾಯಿತೆಂಬುದು ಒಂದು. ಪುತ್ರೋತ್ಸವದ ವಾರ್ತೆ ಇನ್ನೊಂದು. ಆಯುಧಶಾಲೆಯಲ್ಲಿ ಚಕ್ರರತ್ನವು ಉದಯಿಸಿತೆಂಬುದು ಮತ್ತೊಂದು. ಭರತನು ಮೊದಲು ಭಗವಂತನ ಪೂಜೆಗೆ ತೆರಳಿದನೆಂದು ಪುರಾಣಕಾರರು ಅವನ ವಿವೇಕವನ್ನು ಕೊಂಡಾಡುತ್ತಾರೆ. ಆದರೆ ಪೂಜೆ ಮುಗಿದ ಮೇಲೆ ನಡೆದುದೇನು? ಚಕ್ರವು ಮುಂದೆ, ಚಕ್ರವರ್ತಿಯು ಹಿಂದೆ. ಷಟ್ಖಂಡ ಭೂಮಂಡಲವನ್ನು ಗೆದ್ದು ಮರಳಿದಾಗ ಆ ಚಕ್ರವು ಅಯೋಧ್ಯೆಯ ಹೆಬ್ಬಾಗಿಲಲ್ಲಿ ಸ್ತಬ್ಧವಾಗಿ ನಿಂತಿತು. ಗೆಲ್ಲಬೇಕಾದವರು ಇನ್ನೂ ಉಳಿದಿದ್ದಾರೆಂದು ಪುರೋಹಿತನು ಕಾರಣವನ್ನು ತಿಳಿಸಿದನು. ಉಳಿದಿದ್ದವರು ಬೇರೆ ಯಾರೂ ಅಲ್ಲ, ಭರತನ ಸ್ವಂತ ತಮ್ಮಂದಿರು.

ಆಯುಧವು ಹುಟ್ಟಿದ ಮೇಲೆ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ. ಶತ್ರುಗಳು ಮುಗಿದರೆ ಸಹೋದರರಾದರೂ ಆಗಬಹುದು. ಇದು ಕೇವಲ ಪುರಾಣದ ಮಾತೆಂದು ಭಾವಿಸುವವರು ಅರಬ್ಬೀ ಮರುಭೂಮಿಯ ಒಂದು ಸಣ್ಣ ರಾಷ್ಟ್ರದ ಐವತ್ತು ವರ್ಷಗಳ ಚರಿತ್ರೆಯನ್ನು ಗಮನಿಸಬೇಕು. ಆ ರಾಷ್ಟ್ರವು ಸಂಯುಕ್ತ ಅರಬ್ ಎಮಿರೇಟ್ಸ್. ಅಲ್ಲಿಯ ದುಬೈ ನಗರದಲ್ಲಿ ವಜ್ರ ಮತ್ತು ಸುವರ್ಣದ ವ್ಯಾಪಾರವನ್ನು ಆಶ್ರಯಿಸಿದ ಜೈನ ಕುಟುಂಬಗಳೂ ಇರುವುದರಿಂದ ಈ ವಿಷಯವು ಜೈನ ಸಮಾಜಕ್ಕೆ ತೀರ ದೂರದ್ದೇನೂ ಅಲ್ಲ.

ಮರಳಿನಲ್ಲಿ ಎದ್ದ ಕಾರ್ಖಾನೆಗಳು

1971ರ ಡಿಸೆಂಬರ್ 2ರಂದು ಜನ್ಮ ತಾಳಿದ ಈ ಒಕ್ಕೂಟಕ್ಕೆ ಆರಂಭದಲ್ಲಿ ಸ್ವಂತ ಆಯುಧೋದ್ಯಮವೆಂಬುದೇ ಇರಲಿಲ್ಲ. ತೈಲದ ಹಣದಿಂದ ಪಾಶ್ಚಾತ್ಯ ದೇಶಗಳ ವಿಮಾನಗಳನ್ನೂ ಟ್ಯಾಂಕುಗಳನ್ನೂ ಕೊಳ್ಳುವುದೇ ಅದರ ರಕ್ಷಣಾನೀತಿಯಾಗಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆಯು ಕುವೈತನ್ನು ನುಂಗಿದಾಗ ಕೊಲ್ಲಿಯ ಸಣ್ಣ ರಾಷ್ಟ್ರಗಳೆಲ್ಲ ಬೆಚ್ಚಿದವು. ಆ ಭಯವು ಅಕಾರಣವಾದುದಲ್ಲ. ಆ ಭಯದ ನೆರಳಿನಲ್ಲಿ, 1992ರಲ್ಲಿ, ಅಬುಧಾಬಿಯಲ್ಲಿ ಆಫ್‌ಸೆಟ್ ವ್ಯವಸ್ಥೆ ಜಾರಿಗೆ ಬಂದಿತು. ಎಮಿರೇಟ್ಸಿಗೆ ಆಯುಧ ಮಾರುವ ವಿದೇಶೀ ಕಂಪನಿಯು ತನಗೆ ಬಂದ ಬೆಲೆಯ ಒಂದು ಭಾಗಕ್ಕೆ ಪ್ರತಿಯಾಗಿ ಆ ದೇಶದೊಳಗೇ ಉದ್ಯಮವನ್ನು ಸ್ಥಾಪಿಸಬೇಕು, ತಂತ್ರಜ್ಞಾನವನ್ನು ಕೊಡಬೇಕು, ಪಾಲುದಾರಿಕೆ ಮಾಡಬೇಕು ಎಂಬುದು ಅದರ ತಿರುಳು. ಮರುವರ್ಷ, 1993ರಲ್ಲಿ, ಐಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಯುಧಪ್ರದರ್ಶನವು ಅಬುಧಾಬಿಯಲ್ಲಿ ಆರಂಭವಾಯಿತು. ಎರಡು ವರ್ಷಗಳಿಗೊಮ್ಮೆ ನಡೆಯುವ ಈ ಸಂತೆಯಲ್ಲಿ ಆರಂಭದಲ್ಲಿ ಆತಿಥೇಯನೇ ದೊಡ್ಡ ಗಿರಾಕಿ. ಇಂದು ಆತಿಥೇಯನೇ ಅಂಗಡಿಯನ್ನೂ ಇಟ್ಟಿದ್ದಾನೆ.

ಬೆಳವಣಿಗೆಯು ಮೆಟ್ಟಿಲುಮೆಟ್ಟಿಲಾಗಿ ನಡೆಯಿತು. 1996ರಲ್ಲಿ ಅಬುಧಾಬಿ ಹಡಗು ನಿರ್ಮಾಣ ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ಬೈನೂನಾ ಶ್ರೇಣಿಯ ಆರು ಯುದ್ಧನೌಕೆಗಳಲ್ಲಿ ಮೊದಲನೆಯದು ಫ್ರಾನ್ಸಿನಲ್ಲಿ ನಿರ್ಮಾಣವಾಗಿ ಉಳಿದವು ಅಬುಧಾಬಿಯಲ್ಲೇ ತಯಾರಾದವು. ನಿಮ್ರ್ ಎಂಬ ಸಂಸ್ಥೆಯು ಮರುಭೂಮಿಗೆ ತಕ್ಕ ಕವಚವಾಹನಗಳನ್ನು ನಿರ್ಮಿಸತೊಡಗಿತು. ಕ್ಯಾರಕಾಲ್ ಎಂಬ ಸಂಸ್ಥೆಯು ಪಿಸ್ತೂಲು ತಯಾರಿಕೆಗೆ ಕೈಹಾಕಿ, 2007ರಲ್ಲಿ ಜರ್ಮನಿಯ ಮೆರ್ಕೆಲ್ ಎಂಬ ಬೇಟೆಕೋವಿಗಳ ಹಳೆಯ ಕಾರ್ಖಾನೆಯನ್ನೇ ಕೊಂಡಿತು. 2012ರಲ್ಲಿ ದಕ್ಷಿಣ ಆಫ್ರಿಕದ ಡೆನೆಲ್ ಸಂಸ್ಥೆಯ ಸಹಯೋಗದಲ್ಲಿ, ವಿಮಾನದಿಂದ ಎಸೆಯುವ ಬಾಂಬನ್ನು ಗುರಿಯತ್ತ ಒಯ್ಯುವ ಸಾಧನಗಳ ತಯಾರಿಕೆ ಆರಂಭವಾಯಿತು. ಚದುರಿದ್ದ ಇಂತಹ ಸಂಸ್ಥೆಗಳನ್ನು 2014ರಲ್ಲಿ ಒಂದು ಸೂರಿನಡಿ ತರುವ ಕಾರ್ಯ ಮೊದಲಾಯಿತು. 2019ರ ನವೆಂಬರ್‌ನಲ್ಲಿ ಇಪ್ಪತ್ತೈದು ಸಂಸ್ಥೆಗಳನ್ನು ಕೂಡಿಸಿ ಎಡ್ಜ್ ಎಂಬ ಸರ್ಕಾರೀ ಸಮೂಹವನ್ನು ರಚಿಸಲಾಯಿತು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯಾದ ಸಿಪ್ರಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಎಡ್ಜ್ ಸಮೂಹವು ಜಗತ್ತಿನ ಇಪ್ಪತ್ತೈದು ದೊಡ್ಡ ಆಯುಧ ಕಂಪನಿಗಳ ಪೈಕಿ 22ನೆಯ ಸ್ಥಾನದಲ್ಲಿತ್ತು. ಆ ಇಪ್ಪತ್ತೈದರ ಪಟ್ಟಿಯನ್ನು ಪ್ರವೇಶಿಸಿದ ಮೊದಲ ಪಶ್ಚಿಮ ಏಷ್ಯಾ ಸಂಸ್ಥೆ ಅದೇ.

ನೆರೆಯ ಸೌದಿ ಅರೇಬಿಯವೂ ಅದೇ ಹಾದಿ ಹಿಡಿದಿದೆ. ತನ್ನ ಸೈನಿಕ ವೆಚ್ಚದಲ್ಲಿ ಕೇವಲ ಶೇಕಡಾ 2ರಷ್ಟು ಮಾತ್ರ ದೇಶದೊಳಗೆ ಉಳಿಯುತ್ತಿದೆಯೆಂದು 2016ರಲ್ಲಿ ಘೋಷಿಸಿದ ಆ ರಾಜ್ಯವು 2030ರ ವೇಳೆಗೆ ಅದನ್ನು ಶೇಕಡಾ 50ಕ್ಕೆ ಏರಿಸುವ ಸಂಕಲ್ಪ ಮಾಡಿ, 2017ರಲ್ಲಿ ತನ್ನದೇ ಆಯುಧ ಕಂಪನಿಯನ್ನು ಸ್ಥಾಪಿಸಿತು.

ವರ್ತಕನು ಓದಬೇಕಾದ ಲೆಕ್ಕ

ಈ ಕಥನವನ್ನು ಲೋಕವು ಸ್ವಾವಲಂಬನೆಯೆಂದು ಹೊಗಳುತ್ತದೆ. ತೈಲವು ಒಂದು ದಿನ ಬತ್ತೀತು, ಆಗ ಯುವಕರಿಗೆ ಉದ್ಯೋಗ ಬೇಕು, ಆಯುಧಕ್ಕಾಗಿ ಪರರ ಬಾಗಿಲು ಕಾಯುವ ಸ್ಥಿತಿ ತಪ್ಪಬೇಕು ಎಂಬ ವಾದಗಳು ಮೇಲ್ನೋಟಕ್ಕೆ ಸಮಂಜಸವಾಗಿಯೇ ಕಾಣುತ್ತವೆ. ಆದರೆ ಜಮಾಖರ್ಚು ಬಲ್ಲ ವರ್ತಕನು ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಈ ಸರಕಿಗೆ ಗಿರಾಕಿಗಳು ಯಾರು?

ಎಮಿರೇಟ್ಸಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಅದರಲ್ಲಿ ಆ ನೆಲದ ಪೌರರು ಹತ್ತರಲ್ಲಿ ಒಂದು ಪಾಲಿನಷ್ಟು. ಅಂತಹ ದೇಶದ ಸೇನೆಗೆ ಎಷ್ಟು ಕವಚವಾಹನಗಳು ಬೇಕು, ಎಷ್ಟು ನೌಕೆಗಳು ಬೇಕು? ಕಾರ್ಖಾನೆಯ ಸ್ಥಿರವೆಚ್ಚವಾದರೋ ತಯಾರಾದ ಸರಕಿನ ಸಂಖ್ಯೆಯನ್ನು ನೋಡಿ ಇಳಿಯುವುದಿಲ್ಲ. ಅಚ್ಚುಗಳು, ಯಂತ್ರಗಳು, ಪರೀಕ್ಷಾಂಗಣಗಳು, ವಿದೇಶೀ ತಂತ್ರಜ್ಞರ ಸಂಬಳ, ಸವಕಳಿ, ಇವೆಲ್ಲ ವಾಹನ ನೂರಾದರೂ ಸಾವಿರವಾದರೂ ಖರ್ಚಿನ ಅಂಕಣದಲ್ಲಿ ಬಿದ್ದೇ ಬೀಳುತ್ತವೆ. ಸ್ವದೇಶದ ಸೇನೆಗೆ ಬೇಕಾದಷ್ಟನ್ನು ಒದಗಿಸಿದ ದಿನ ಕಾರ್ಖಾನೆಗೆ ಎರಡೇ ದಾರಿಗಳು: ಬಾಗಿಲು ಹಾಕುವುದು, ಅಥವಾ ಹೊರಗಿನ ಗಿರಾಕಿಯನ್ನು ಹುಡುಕುವುದು. ಬಟ್ಟೆಯ ಗಿರಣಿಗೆ ಹೊರಗಿನ ಗಿರಾಕಿ ಸಿಕ್ಕಿದರೆ ಯಾರದೋ ಮೈ ಮುಚ್ಚುತ್ತದೆ. ಆಯುಧದ ಕಾರ್ಖಾನೆಗೆ ಹೊರಗಿನ ಗಿರಾಕಿಯೆಂದರೆ ಪರರ ಭಯ, ಪರರ ದ್ವೇಷ, ಪರರ ಯುದ್ಧ. ರಕ್ಷಣೆಗೆಂದು ಆರಂಭವಾದ ಉದ್ಯಮವನ್ನು ಅದರ ಲೆಕ್ಕಪುಸ್ತಕವೇ ಪರರ ಯುದ್ಧದ ಕಡೆಗೆ ತಳ್ಳುತ್ತದೆ. ಇದಕ್ಕೆ ಆಡಳಿತಗಾರರ ದುಷ್ಟತನವೇ ಬೇಕೆಂದಿಲ್ಲ, ಸ್ಥಿರವೆಚ್ಚವೊಂದೇ ಸಾಕು.

ನಡೆದಿರುವುದೂ ಅದೇ. 2023ರ ಫೆಬ್ರುವರಿಯಲ್ಲಿ ಅಬುಧಾಬಿಯ ಹಡಗು ಸಂಸ್ಥೆಯು ಆಫ್ರಿಕದ ಅಂಗೋಲದ ನೌಕಾಪಡೆಗೆ ಯುದ್ಧನೌಕೆಗಳನ್ನು ಒದಗಿಸಲು ಸುಮಾರು 100 ಕೋಟಿ ಯೂರೋ ಮೊತ್ತದ ಕರಾರನ್ನು ಪಡೆಯಿತು. ಇಪ್ಪತ್ತೇಳು ವರ್ಷಗಳ ಅಂತರ್ಯುದ್ಧದಿಂದ 2002ರಲ್ಲಷ್ಟೇ ಹೊರಬಂದ ಬಡಜನರ ದೇಶ ಅಂಗೋಲ. ಅದೇ 2023ರಲ್ಲಿ ಎಡ್ಜ್ ಸಮೂಹವು ಎಸ್ಟೋನಿಯದ ಮಿಲ್ರೆಮ್ ಎಂಬ ಯಂತ್ರಮಾನವ ವಾಹನ ಸಂಸ್ಥೆಯ ಬಹುಪಾಲನ್ನೂ ಬ್ರೆಜಿಲಿನ ಕ್ಷಿಪಣಿ ಸಂಸ್ಥೆಯೊಂದರ ಅರ್ಧ ಪಾಲನ್ನೂ ಕೊಂಡಿತು. ಕೊಳ್ಳುವವನು ತಯಾರಕನಾದನು, ತಯಾರಕನು ಮಾರಾಟಗಾರನಾದನು, ಮಾರಾಟಗಾರನು ಈಗ ಅನ್ಯದೇಶಗಳ ಆಯುಧಶಾಲೆಗಳಿಗೂ ಪಾಲುದಾರನಾಗಿದ್ದಾನೆ. ಚಕ್ರವು ಮುಂದೆ ಮುಂದೆ ಸಾಗುತ್ತಿದೆ.

ಚಕ್ರವು ಹೋದ ಕಡೆ

ಈ ಆಯುಧಗಳು ಎಲ್ಲಿಗೆ ತಲುಪಿದವು? 2011ರಿಂದ ಲಿಬಿಯದ ಮೇಲೆ ವಿಶ್ವಸಂಸ್ಥೆಯ ಆಯುಧನಿರ್ಬಂಧವಿತ್ತು. ಆ ನಿರ್ಬಂಧವನ್ನು ಮೀರಿ ಆಯುಧಗಳನ್ನು ಪೂರೈಸಿದ ರಾಷ್ಟ್ರಗಳೆಂದು ವಿಶ್ವಸಂಸ್ಥೆಯ ತಜ್ಞಮಂಡಳಿಯು 2019ರ ವರದಿಯಲ್ಲಿ ಜೋರ್ಡಾನ್ ಮತ್ತು ಟರ್ಕಿಗಳ ಜೊತೆಗೆ ಎಮಿರೇಟ್ಸನ್ನೂ ಹೆಸರಿಸಿತು. 2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಕೂಟವು ಯೆಮನ್ ಯುದ್ಧಕ್ಕಿಳಿದಾಗ ಎಮಿರೇಟ್ಸ್ ಅದರ ಪ್ರಮುಖ ಅಂಗವಾಗಿತ್ತು. ಎಲ್ಲ ಪಕ್ಷಗಳೂ ಸೇರಿ ನಡೆಸಿದ ಆ ಯುದ್ಧದಿಂದ 2021ರ ಅಂತ್ಯದ ವೇಳೆಗೆ 3 ಲಕ್ಷ 77 ಸಾವಿರ ಜೀವಗಳು ನಷ್ಟವಾಗುವುವೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಅಂದಾಜು ಮಾಡಿತು. ಅವುಗಳಲ್ಲಿ ನೂರಕ್ಕೆ ಅರವತ್ತರಷ್ಟು ಸಾವುಗಳು ಗುಂಡಿನಿಂದಲ್ಲ, ಹಸಿವೆ ಮತ್ತು ರೋಗಗಳಿಂದ. ಆಯುಧವು ತಾನು ಮುಟ್ಟದವರನ್ನೂ ಕೊಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಸೇನೆಗೂ ಕ್ಷಿಪ್ರ ಬೆಂಬಲ ಪಡೆಗೂ ನಡುವೆ ಯುದ್ಧ ಹೊತ್ತಿಕೊಂಡಿತು. ಎಡ್ಜ್ ಸಮೂಹದ ನಿಮ್ರ್ ಕಾರ್ಖಾನೆಯಲ್ಲಿ ತಯಾರಾದ ಕವಚವಾಹನಗಳು, ಅವುಗಳ ಮೇಲೆ ಫ್ರಾನ್ಸಿನ ರಕ್ಷಣಾ ಸಾಧನಗಳನ್ನು ಅಳವಡಿಸಿದ ಸ್ಥಿತಿಯಲ್ಲಿ, ಆ ಪಡೆಯ ಬಳಿ ಕಂಡುಬಂದಿವೆಯೆಂದು ಆಮ್ನೆಸ್ಟಿ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ತಾನು ಆ ಪಡೆಗೆ ಆಯುಧ ಕೊಟ್ಟಿಲ್ಲವೆಂದು ಎಮಿರೇಟ್ಸ್ ಸರ್ಕಾರವು ನಿರಾಕರಿಸುತ್ತ ಬಂದಿದೆ. ಆ ನಿರಾಕರಣೆಯನ್ನು ಹಾಗೆಯೇ ಒಪ್ಪಿಕೊಂಡರೂ ಒಂದು ಮಾತು ಉಳಿಯುತ್ತದೆ. ಕಾರ್ಖಾನೆಯ ಬಾಗಿಲು ದಾಟಿದ ಆಯುಧವು ಮುಂದೆ ಯಾರ ಕೈ ಸೇರುವುದೆಂಬುದು ತಯಾರಕನ ಹತೋಟಿಯಲ್ಲಿಲ್ಲ. ಹತೋಟಿ ಇಲ್ಲದಿರುವುದು ಅವನಿಗೆ ಸಮರ್ಥನೆಯಾಗದು. ಅಂತಹ ವಸ್ತುವನ್ನು ವ್ಯಾಪಾರಕ್ಕಿಡಬಾರದೆಂಬುದಕ್ಕೆ ಅದೇ ಕಾರಣ.

ವಿರೋಧೀ ಹಿಂಸೆಯೆಂಬ ಆಸರೆ

ಇಲ್ಲಿ ಕೆಲವು ವಿದ್ಯಾವಂತ ಜೈನರು ಶಾಸ್ತ್ರವನ್ನೇ ಮುಂದೊಡ್ಡುತ್ತಾರೆ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕು. ಉಳಿದವು ಅವನಿಗೆ ಪೂರ್ಣವಾಗಿ ಬಿಡಲಸಾಧ್ಯ. ಆತ್ಮರಕ್ಷಣೆಯ ವಿರೋಧೀ ಹಿಂಸೆಯು ಗೃಹಸ್ಥನಿಗೆ ನಿಷಿದ್ಧವಲ್ಲದಿರುವಾಗ ಆಯುಧ ತಯಾರಿಕೆಯನ್ನು ದೂಷಿಸುವುದೇಕೆ? ಚಾವುಂಡರಾಯನು ಗಂಗರ ಸೇನಾಪತಿಯಲ್ಲವೆ? ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಲ್ಲವೆ? ಆದಿನಾಥರೇ ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದಲ್ಲವೆ?

ಪ್ರಶ್ನೆಗಳು ಹಗುರವಾದವಲ್ಲ. ಎಮಿರೇಟ್ಸಿಗೂ ಆತ್ಮರಕ್ಷಣೆಯ ಅಗತ್ಯವಿದೆ. 2022ರ ಜನವರಿ 17ರಂದು ಯೆಮನಿನ ಹೌತಿಗಳು ಅಬುಧಾಬಿಯ ಮೇಲೆ ನಡೆಸಿದ ದಾಳಿಯಲ್ಲಿ ಮಡಿದ ಮೂವರು ಶ್ರಮಜೀವಿಗಳಲ್ಲಿ ಇಬ್ಬರು ಭಾರತೀಯರು. ಅಂತಹ ದಾಳಿಯನ್ನು ತಡೆಯುವ ರಾಜ್ಯವನ್ನು ಯಾವ ಶಾಸ್ತ್ರವೂ ಪಾಪಿಯೆನ್ನದು. ಆದರೆ ವಿರೋಧೀ ಹಿಂಸೆಗೆ ಒಂದು ಎಲ್ಲೆಯಿದೆ. ವಿರೋಧಿಯು ಎದುರಿಗೆ ಬಂದಾಗ ಅದು ಹುಟ್ಟುತ್ತದೆ. ಅವನು ಹಿಮ್ಮೆಟ್ಟಿದಾಗ ಮುಗಿಯುತ್ತದೆ. ಅಂಗೋಲದ ವಿರೋಧಿಯು ಅಬುಧಾಬಿಯ ವಿರೋಧಿಯಲ್ಲ. ಕಾರ್ಖಾನೆಯನ್ನು ನಡೆಸುವುದಕ್ಕಾಗಿ ಮಾರಿದ ನೌಕೆಗೆ ವಿರೋಧೀ ಹಿಂಸೆಯ ಹೆಸರನ್ನಿಡುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಹಾಗಾದರೆ ಅದು ಉದ್ಯೋಗೀ ಹಿಂಸೆಯಾದೀತೆ? ಅದೂ ಸಲ್ಲದು. ರೈತನು ಉಳುವಾಗ ಕ್ರಿಮಿಗಳು ಸಾಯುತ್ತವೆ. ಅವನಿಗೆ ಬೇಕಾದದ್ದು ಧಾನ್ಯ. ಕ್ರಿಮಿ ಸಾಯದಂತೆ ಉಳಲು ಸಾಧ್ಯವಾಗಿದ್ದರೆ ಅವನು ಸಂತೋಷದಿಂದ ಹಾಗೆಯೇ ಉಳುತ್ತಿದ್ದನು. ಬಾಂಬು ತಯಾರಕನಿಗೆ ಹಾಗೆ ಹೇಳಲು ಬರುವುದಿಲ್ಲ. ಕೊಲ್ಲಲಾರದ ಬಾಂಬಿಗೆ ಗಿರಾಕಿಯಿಲ್ಲ. ಅಲ್ಲಿ ಹಿಂಸಾಸಾಮರ್ಥ್ಯವೇ ಸರಕು.

ಷಟ್ಕರ್ಮಗಳ ವಿಷಯದಲ್ಲಿಯೂ ಇದೇ ಉತ್ತರ. ಅಸಿ, ಮಷಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂದು ಆದಿನಾಥರು ಆರನ್ನು ಬೇರೆ ಬೇರೆಯಾಗಿ ಹೇಳಿದರು. ಅಸಿಯು ಪ್ರಜೆಗಳನ್ನು ಕಾಯುವ ಕ್ಷತ್ರಿಯನ ಹೊಣೆ; ವಾಣಿಜ್ಯವು ಲಾಭವನ್ನು ನೋಡುವ ವೈಶ್ಯನ ವೃತ್ತಿ. ಅಸಿಯನ್ನು ವಾಣಿಜ್ಯದಲ್ಲಿ ಬೆರೆಸಿದಾಗ ಕಾಯುವ ಹೊಣೆ ಮರೆಯಾಗಿ ಲಾಭವೊಂದೇ ಉಳಿಯುತ್ತದೆ. ಈ ಬೆರಕೆಯನ್ನು ಆಚಾರ್ಯರು ಬಲ್ಲವರಾಗಿದ್ದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ವಧೆಗೆ ಕಾರಣವಾಗುವ ಖಡ್ಗಾದಿ ಉಪಕರಣಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದರು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ವಿವರಿಸುತ್ತ ಆಯುಧದ ಮಾರಾಟವನ್ನು ವಿಷವಾಣಿಜ್ಯದಲ್ಲಿ ಸೇರಿಸಿದರು. ದಾನವಾಗಿ ಕೊಟ್ಟರೂ ದೋಷ, ಬೆಲೆಗೆ ಮಾರಿದರೂ ದೋಷ. ಚಾವುಂಡರಾಯನೂ ಗಂಗರಾಜನೂ ಖಡ್ಗವನ್ನು ಹಿಡಿದರು. ಖಡ್ಗದ ಅಂಗಡಿಯನ್ನು ತೆರೆಯಲಿಲ್ಲ.

ಹೂಡಿಕೆದಾರನ ಪಾಲು

ಎಡ್ಜ್ ಸಮೂಹವು ಸರ್ಕಾರದ ಸ್ವತ್ತು, ಅದರಲ್ಲಿ ಜೈನರ ಹಣವೆಲ್ಲಿದೆ ಎಂದು ಕೇಳಬಹುದು. ದಾರಿ ದೂರವಿಲ್ಲ. ಆ ಸಮೂಹದ ಹಡಗು ಸಂಸ್ಥೆಯ ಷೇರುಗಳು ಅಬುಧಾಬಿಯ ಷೇರುಪೇಟೆಯಲ್ಲಿಯೇ ವಿಕ್ರಯವಾಗುತ್ತವೆ. 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆದ ತಿಂಗಳಿನಲ್ಲಿ, ಆ ಸಮೂಹವು ಭಾರತದ ಸಾರ್ವಜನಿಕ ರಕ್ಷಣಾ ಉದ್ಯಮಗಳೊಡನೆ ಸಹಕಾರದ ಒಪ್ಪಂದಗಳಿಗೆ ಸಹಿ ಹಾಕಿತು. 2024ರಲ್ಲಿ ಕ್ಯಾರಕಾಲ್ ಸಂಸ್ಥೆಯು ಹೈದರಾಬಾದಿನ ಕಂಪನಿಯೊಂದಕ್ಕೆ ತನ್ನ ಬಂದೂಕುಗಳನ್ನು ತಯಾರಿಸುವ ಪರವಾನಗಿ ನೀಡಿತು. ರಕ್ಷಣಾ ಉದ್ಯಮದ ಷೇರುಗಳಲ್ಲಿಯೇ ಹಣ ತೊಡಗಿಸುವ ಮ್ಯೂಚುವಲ್ ಫಂಡ್ ಯೋಜನೆಗಳು 2023ರಿಂದ ಭಾರತದಲ್ಲಿಯೂ ಬಂದಿವೆ. ಆ ಷೇರುಗಳ ಬೆಲೆ ಏರಿದ ಕಾಲದಲ್ಲಿ ಹಣ ಹೂಡಿದವರು ಪಂಥವನ್ನು ನೋಡಿ ಹೂಡಲಿಲ್ಲ. ಬೆಳಿಗ್ಗೆ ಅಭಿಷೇಕ ಮಾಡಿಸಿ, ರಾತ್ರಿಭೋಜನವನ್ನು ಬಿಟ್ಟು, ಕಂದಮೂಲಗಳನ್ನು ಮುಟ್ಟದ ಗೃಹಸ್ಥನ ಖಾತೆಯಲ್ಲಿಯೂ ಅಂತಹ ಯೂನಿಟ್ಟುಗಳು ಇರಬಹುದು.

“ಹಣ ಮಾತ್ರ ಹಾಕಿದ್ದೇವೆ, ತಯಾರಿಸಿದವರು ಬೇರೆ” ಎಂಬ ಉತ್ತರವು ತತ್ತ್ವಾರ್ಥಸೂತ್ರದ ಮುಂದೆ ನಿಲ್ಲಲಾರದು. ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ಜೀವಾಧಿಕರಣವನ್ನು ಲೆಕ್ಕಹಾಕುವ ಕ್ರಮವು ವರ್ತಕರಿಗೆ ಸುಲಭವಾಗಿ ಅರ್ಥವಾಗುವಂತಹುದು. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂದು ನಾಲ್ಕು. ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಸಂರಂಭವೆಂದರೆ ಮಾಡುವ ನಿಶ್ಚಯ; ಸಮಾರಂಭವೆಂದರೆ ಸಾಧನಸಾಮಗ್ರಿಗಳನ್ನು ಕೂಡಿಸುವುದು; ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ಬಂಡವಾಳವು ಸಾಮಗ್ರಿಗಳಲ್ಲಿ ಮೊದಲನೆಯದಲ್ಲವೆ? ಹೂಡಿಕೆದಾರನು ಲೋಭವಶನಾಗಿ ಸಮಾರಂಭಕ್ಕೆ ಸೇರುತ್ತಾನೆ. ಲಾಭಾಂಶವನ್ನು ಕಂಡು ಮನಸ್ಸಿನಲ್ಲಿ ಹಿಗ್ಗಿದಾಗ ಅನುಮತಕ್ಕೂ ಸೇರುತ್ತಾನೆ. ಯುದ್ಧದ ಸುದ್ದಿ ಬಂದ ದಿನ ಷೇರಿನ ಬೆಲೆ ಏರಿತೆಂದು ಸಂತೋಷಪಡುವವನು ದಿನದ ಜಪದಲ್ಲಿ ಯಾವ ಮಣಿಯನ್ನು ಬಿಟ್ಟು ಎಣಿಸಬೇಕು?

ಬ್ಯಾಂಕಿನಲ್ಲಿಟ್ಟ ಠೇವಣಿಯೂ ಎಲ್ಲ ಬಗೆಯ ಉದ್ಯಮಗಳಿಗೆ ಸಾಲವಾಗಿ ಹೋಗುತ್ತದೆ, ಪೂರ್ಣ ನಿರ್ದೋಷವಾದ ಹಣವೆಲ್ಲಿದೆ ಎಂಬ ಆಕ್ಷೇಪವೂ ಇದೆ. ತೆರಿಗೆಯ ಹಣದಿಂದ ರಾಜ್ಯವು ಸೇನೆಯನ್ನು ಸಾಕುವುದೂ ಸತ್ಯ. ಆದರೆ ಅಣುವ್ರತವು ಅಣುವಾಗಿರುವುದೇ ಇದಕ್ಕಾಗಿ. ತಪ್ಪಿಸಲಾಗದ್ದನ್ನು ತಪ್ಪಿಸೆಂದು ಅದು ಗೃಹಸ್ಥನನ್ನು ಕೇಳುವುದಿಲ್ಲ. ತಪ್ಪಿಸಬಹುದಾದುದನ್ನು ತಿಳಿದೂ ತಿಳಿದೂ ಮಾಡಬೇಡವೆನ್ನುತ್ತದೆ. ನೀರನ್ನು ಸೋಸಿ ಕುಡಿಯುವವನಿಗೂ ಸೋಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳಿರುವುದು ಗೊತ್ತಿದೆ. ಆ ಕಾರಣಕ್ಕೆ ಅವನು ಬಟ್ಟೆಯನ್ನು ಎಸೆದುಬಿಡುವುದಿಲ್ಲ.

ಟ್ರಸ್ಟುಗಳ ಹೊಣೆ

ಕುಟುಂಬದ ಹಣಕ್ಕಿಂತ ಬಸದಿಯ ಹಣದ ಹೊಣೆ ಹೆಚ್ಚಿನದು. ಶಾಶ್ವತ ಪೂಜೆಗೆಂದು ವಿಧವೆಯೊಬ್ಬಳು ಕೂಡಿಟ್ಟು ಕೊಟ್ಟ ಹಣ, ಆಹಾರದಾನಕ್ಕೆಂದು ರೈತನೊಬ್ಬನು ಕೊಟ್ಟ ಹಣ ಆ ನಿಧಿಯಲ್ಲಿ ಸೇರಿರುತ್ತದೆ. ಧರ್ಮದರ್ಶಿಗಳು ಕಾನೂನು ಒಪ್ಪುವ ಮಾರ್ಗದಲ್ಲಿಯೇ ನಿಧಿಯನ್ನು ಹೂಡುತ್ತಾರೆ, ನಿಜ. ಆದರೆ ಕಾನೂನು ಹಣದ ಭದ್ರತೆಯನ್ನಷ್ಟೇ ನೋಡುತ್ತದೆ; ಹಣದ ಶುದ್ಧಿಯನ್ನು ನೋಡುವ ಕೆಲಸವನ್ನು ಅದು ಧರ್ಮದರ್ಶಿಗಳಿಗೇ ಬಿಟ್ಟಿದೆ.

ಆದ್ದರಿಂದ ಪ್ರತಿ ಟ್ರಸ್ಟಿನ ವಾರ್ಷಿಕ ಮಹಾಸಭೆಯಲ್ಲಿ ಮೂರು ಸಂಗತಿಗಳು ಲಿಖಿತವಾಗಿ ಮಂಡಿತವಾಗಬೇಕು. ನಿಧಿಯು ಯಾವ ಯಾವ ಯೋಜನೆಗಳಲ್ಲಿದೆಯೆಂಬ ಪಟ್ಟಿ ಮೊದಲನೆಯದು. ಆ ಯೋಜನೆಗಳು ಯಾವ ಕಂಪನಿಗಳ ಷೇರು ಅಥವಾ ಸಾಲಪತ್ರಗಳನ್ನು ಹೊಂದಿವೆಯೆಂಬ ವಿವರ ಎರಡನೆಯದು. ಮ್ಯೂಚುವಲ್ ಫಂಡುಗಳು ಇದನ್ನು ಪ್ರಕಟಿಸುವುದು ಕಡ್ಡಾಯವಾಗಿರುವುದರಿಂದ ಲೆಕ್ಕಪರಿಶೋಧಕರಿಗೆ ಇದು ಕಷ್ಟವಾಗದು. ಆಯುಧ, ಮದ್ಯ, ಮಾಂಸಗಳ ಉದ್ಯಮಗಳಿಂದ ನಿಧಿಯನ್ನು ನಿಗದಿತ ಅವಧಿಯೊಳಗೆ ಹಿಂತೆಗೆಯುವ ನಿರ್ಣಯ ಮೂರನೆಯದು. ಮದ್ಯ ಮಾಂಸಗಳ ಕಂಪನಿಯ ಷೇರನ್ನು ಬಸದಿಯ ಹಣದಿಂದ ಕೊಳ್ಳೋಣವೆಂದು ಯಾವ ಸಭೆಯಲ್ಲಿಯೂ ಯಾರೂ ಸೂಚಿಸಲಾರರು. ಮನುಷ್ಯರನ್ನು ಕೊಲ್ಲುವ ಸಾಧನದ ಷೇರಿಗೆ ಮಾತ್ರ ಆ ಸಂಕೋಚವಿಲ್ಲದಿರುವುದು ಆಶ್ಚರ್ಯದ ಸಂಗತಿ. ಬಡ್ಡಿಯಲ್ಲಿ ಶೇಕಡಾ ಒಂದೆರಡು ಕಡಿಮೆಯಾದೀತು. ಪೂಜೆಯ ಹೂವು ಸ್ವಲ್ಪ ಕಡಿಮೆಯಾದೀತು. ಅದರಿಂದ ಭಗವಂತನಿಗೆ ಕೊರತೆಯೇನೂ ಇಲ್ಲ.

ಚಕ್ರದ ಕಥೆಯು ಅಯೋಧ್ಯೆಯ ಹೆಬ್ಬಾಗಿಲಲ್ಲಿ ಮುಗಿಯಲಿಲ್ಲ. ಎರಡು ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಮುಂದೆ ಬಂದು, ಸೈನಿಕರು ವೃಥಾ ಸಾಯುವುದು ಬೇಡವೆಂದು ಅಣ್ಣತಮ್ಮಂದಿರ ನಡುವೆಯೇ ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಸೋತ ಭರತನು ಕೋಪದಿಂದ ಬಿಟ್ಟ ಚಕ್ರವು ಬಾಹುಬಲಿಯನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದನು. ಸೇನಾಪತಿಯಾಗಿದ್ದ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಇಂದ್ರಗಿರಿಯ ಮೇಲೆ ಕಡೆಯಿಸಿದ್ದು ಚಕ್ರವನ್ನಲ್ಲ, ಚಕ್ರಕ್ಕೆ ಅಂಜದೆ ಅದನ್ನು ಬಯಸದೆ ನಿಂತ ಈ ದಿಗಂಬರನನ್ನು. ಆ ಮೂರ್ತಿಗೆ ಮಸ್ತಕಾಭಿಷೇಕ ಮಾಡಿಸುವ ಕೈಗಳು ತಮ್ಮ ಹಣವು ಯಾವ ಆಯುಧಶಾಲೆಯಲ್ಲಿದೆಯೆಂದು ಒಮ್ಮೆ ತೆರೆದು ನೋಡಿಕೊಳ್ಳಲಿ.